ಎನಾಮಲ್ಲೋ, ಎಮಲ್ಷನ್ನೋ? ದರಿಯಾ ದೌಲತ್‌ನಿಂದ ದಂಡುಪ್ರದೇಶದ ಶಾಲೆಯವರೆಗೆ ಗೋಡೆಚಿತ್ರದ ಚರಿತ್ರೆ



ಶಾಲೆಯ ಒಳಗೋಡೆಗಳ ಮೇಲೆ ಚಿತ್ರ ಬರೆಸುವುದು ಈಗ ನಮ್ಮಲ್ಲಿ ಸಾಮಾನ್ಯ ಸಂಗತಿಯಾಗಿದೆ. ತರಗತಿಯಲ್ಲಿ ಕರ್ನಾಟಕದ ನಕ್ಷೆ, ಗ್ರಂಥಾಲಯದಲ್ಲಿ ವಿಜ್ಞಾನಿಗಳ ಭಾವಚಿತ್ರ, ಸಭಾಂಗಣದಲ್ಲಿ ಹೂಬಳ್ಳಿಯ ಚಿತ್ತಾರ ಅಥವಾ ಸುಂದರ ಲಿಪಿಯಲ್ಲಿ ಬರೆದ ಒಂದು ಹಿತನುಡಿ, ಹೀಗೆ ಗೋಡೆಯೂ ಪಾಠ ಹೇಳಬೇಕೆಂಬುದು ನಮ್ಮ ಅಪೇಕ್ಷೆ. ಇದಕ್ಕಾಗಿ ಪೋಷಕರಿಂದ ಹಣ ಸಂಗ್ರಹಿಸುತ್ತೇವೆ, ಕಲಾವಿದರನ್ನು ಕರೆಸುತ್ತೇವೆ, ಉದ್ಘಾಟನೆಯನ್ನೂ ಮಾಡುತ್ತೇವೆ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎಷ್ಟೋ ಚಿತ್ರಗಳು ಗುಳ್ಳೆಯೆದ್ದು ಸಿಪ್ಪೆಸಿಪ್ಪೆಯಾಗಿ ಉದುರುತ್ತವೆ. ಆಗ ಬಣ್ಣದ ಕಂಪನಿಯನ್ನೋ ಕಲಾವಿದನನ್ನೋ ದೂರುತ್ತೇವೆ. ಕೆಲಸ ಆರಂಭಿಸುವ ಮೊದಲು ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಈ ಗೋಡೆಗೆ ಎಣ್ಣೆ ಆಧಾರಿತ ಬಣ್ಣ ಸೂಕ್ತವೋ, ನೀರು ಆಧಾರಿತ ಬಣ್ಣ ಸೂಕ್ತವೋ?

ಮೊದಲು ಹೆಸರುಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಟರ್ಪೆಂಟೈನ್ ಅಥವಾ ಥಿನ್ನರ್ ಬೆರೆಸಿ ಹಚ್ಚುವ, ಒಣಗಿದ ಮೇಲೆ ಹೊಳೆಯುವ ಬಣ್ಣವನ್ನು ನಮ್ಮ ಅಂಗಡಿಗಳಲ್ಲಿ ಎನಾಮಲ್ ಅಥವಾ ಆಯಿಲ್ ಪೇಂಟ್ ಎನ್ನುತ್ತಾರೆ. ನೀರು ಬೆರೆಸಿ ಹಚ್ಚುವ ಬಣ್ಣಕ್ಕೆ ಎಮಲ್ಷನ್ ಅಥವಾ ಪ್ಲಾಸ್ಟಿಕ್ ಪೇಂಟ್ ಎಂಬ ಹೆಸರಿದೆ. ಅಮೆರಿಕದವರು ಇದನ್ನೇ ಲೇಟೆಕ್ಸ್ ಪೇಂಟ್ ಎನ್ನುತ್ತಾರೆ. ರಬ್ಬರ್ ಮರದ ಹಾಲಿಗೂ ಲೇಟೆಕ್ಸ್ ಎಂಬ ಹೆಸರಿರುವುದು ನಿಜ, ಆದರೆ ಈ ಬಣ್ಣದಲ್ಲಿ ಆ ಹಾಲು ಇಲ್ಲ. ನೋಡಲು ಹಾಲಿನಂತಿರುವ ಕೃತಕ ರಾಳದ ದ್ರವ ಇದರಲ್ಲಿರುವುದರಿಂದ ಆ ಹೆಸರು ಉಳಿದುಕೊಂಡಿದೆ.

ಇವೆರಡರ ನಡುವಿನ ಆಯ್ಕೆ ಕೇವಲ ಬೆಲೆಯ ಅಥವಾ ಹೊಳಪಿನ ವಿಷಯವಲ್ಲ. ಬಣ್ಣವು ಗೋಡೆಯೊಂದಿಗೆ ಹೊಂದಿಕೊಳ್ಳುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಆ ಗೋಡೆಯ ಬಳಿ ದಿನವಿಡೀ ಕುಳಿತಿರುವ ಮಕ್ಕಳಿಗೆ ಅದು ಹಿತವೇ ಎಂಬುದು ಎರಡನೆಯದು. ಈ ಎರಡಕ್ಕೂ ಚರಿತ್ರೆಯಲ್ಲಿ ಉತ್ತರವಿದೆ. ಆ ಚರಿತ್ರೆಯ ಒಂದು ತುದಿ ಶ್ರೀರಂಗಪಟ್ಟಣದಲ್ಲಿದ್ದರೆ, ಇನ್ನೊಂದು ತುದಿ ನಮ್ಮ ಶಿವಾಜಿನಗರ, ಹಲಸೂರು, ಇಂದಿರಾನಗರಗಳಲ್ಲಿದೆ.

ಸುಣ್ಣದ ಗೋಡೆಯ ಕಾಲ

ಕರ್ನಾಟಕದ ಹಳೆಯ ಗೋಡೆಚಿತ್ರಗಳೆಲ್ಲ ಸುಣ್ಣದ ಗಾರೆಯ ಕಾಲದವು. ಹಂಪಿಯ ವಿರೂಪಾಕ್ಷ ದೇವಾಲಯದ ಮಂಟಪದ ಒಳಛಾವಣಿಯ ಚಿತ್ರಗಳು ಎಲ್ಲರಿಗೂ ತಿಳಿದಿವೆ. ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1636ರಲ್ಲಿ, ಜಾಮಿಯಾ ಮಸೀದಿಯ ಮಿಹ್ರಾಬನ್ನು ಚಿನ್ನದ ಬಣ್ಣದಿಂದಲೂ ಲಿಪಿಯಿಂದಲೂ ಅಲಂಕರಿಸಲಾಯಿತು. ಅದೇ ನಗರದ ಅಸರ್ ಮಹಲಿನ ಮೇಲಂತಸ್ತಿನ ಕೋಣೆಗಳಲ್ಲಿ ಹೂದಾನಿ, ಎಲೆಬಳ್ಳಿಗಳ ಚಿತ್ರಗಳಿವೆ. ಸಮೀಪದ ಕುಮಟಗಿಯ ಜಲಮಂಟಪಗಳ ಗೋಡೆಗಳ ಮೇಲೂ ಆದಿಲ್ ಶಾಹಿ ಕಾಲದ ಚಿತ್ರಗಳ ಅವಶೇಷಗಳನ್ನು ಕಾಣಬಹುದು.

ಅಂದಿನ ಗೋಡೆಯ ಸ್ವಭಾವವನ್ನು ಇಲ್ಲಿ ಅರಿಯಬೇಕು. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣಕಲ್ಲಿನಂತೆ ಗಟ್ಟಿಯಾಗುತ್ತದೆ. ಆದರೂ ಅದರಲ್ಲಿ ಸೂಕ್ಷ್ಮ ರಂಧ್ರಗಳಿದ್ದು, ನೆಲದಿಂದ ಅಥವಾ ಮಳೆಯಿಂದ ಒಳಸೇರಿದ ತೇವವು ಅವುಗಳ ಮೂಲಕ ಆವಿಯಾಗಿ ಹೊರಹೋಗುತ್ತದೆ. ಗೋಡೆ ಉಸಿರಾಡುತ್ತದೆ ಎಂದು ಹಿರಿಯರು ಹೇಳುವುದು ಇದನ್ನೇ. ಹಸಿ ಗಾರೆಯ ಮೇಲೆ ಬರೆದ ಬಣ್ಣ ಗಾರೆಯೊಂದಿಗೇ ಗಟ್ಟಿಯಾಗುತ್ತದೆ. ಒಣಗಿದ ಗಾರೆಯ ಮೇಲೆ ಅಂಟು ಬೆರೆಸಿ ಬರೆದ ಬಣ್ಣವೂ ಗೋಡೆಯ ಉಸಿರನ್ನು ಕಟ್ಟುವುದಿಲ್ಲ.

ಇದಕ್ಕೆ ನಮ್ಮ ನಾಡಿನ ಪ್ರಸಿದ್ಧ ಉದಾಹರಣೆ ಶ್ರೀರಂಗಪಟ್ಟಣದ ದರಿಯಾ ದೌಲತ್. ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ವಿಶಾಲ ಚಿತ್ರವಿದೆ. ಹೈದರಾಲಿ ಮತ್ತು ಟಿಪ್ಪು ಆನೆಯ ಮೇಲೂ ಕುದುರೆಯ ಮೇಲೂ ಸಾಗುತ್ತಿದ್ದರೆ, ಕರ್ನಲ್ ಬೇಲಿಯ ಸೈನ್ಯ ಸುತ್ತುವರಿಯಲ್ಪಟ್ಟು ನಿಂತಿದೆ. ಮೈಸೂರು ಗೆಜೆಟಿಯರ್‌ನಲ್ಲಿ ಬಿ. ಎಲ್. ರೈಸ್ ಈ ಚಿತ್ರಗಳ ಕಥೆಯನ್ನು ದಾಖಲಿಸಿದ್ದಾರೆ. 1799ರ ಮುತ್ತಿಗೆಗೆ ಮುಂಚೆಯೇ ಇವು ವಿರೂಪಗೊಂಡಿದ್ದವು. ಟಿಪ್ಪುವಿನ ಪತನಾನಂತರ ಇಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇವನ್ನು ಸರಿಪಡಿಸಿದ. ಆನಂತರ ಯಾರೋ ಸುಣ್ಣ ಬಳಿದು ಬಹುತೇಕ ಅಳಿಸಿಬಿಟ್ಟರು. 1855ರಲ್ಲಿ ಮೈಸೂರಿಗೆ ಬಂದ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲ ಚಿತ್ರಗಳು ನೆನಪಿನಲ್ಲಿದ್ದ ಸ್ಥಳೀಯ ಕಲಾವಿದನೊಬ್ಬ ಅವನ್ನು ಮತ್ತೆ ಬರೆದ.

ಓದುಗರೇ, ಈ ಸಂಗತಿಯನ್ನು ಸ್ವಲ್ಪ ಯೋಚಿಸಿ ನೋಡಿ. ಇಂದು ನಾವು ಆ ಗೋಡೆಯ ಮುಂದೆ ನಿಂತು ನೋಡುವುದು ಟಿಪ್ಪುವಿನ ಚಿತ್ರಕಾರರ ಕೈಬರಹವನ್ನು ಮಾತ್ರವಲ್ಲ, ಒಬ್ಬ ಮನುಷ್ಯನ ನೆನಪನ್ನೂ ಹೌದು. ಅವನು ನೆನಪಿಟ್ಟುಕೊಂಡಿರದಿದ್ದರೆ ಮೈಸೂರಿನ ಒಂದು ದೊಡ್ಡ ವಿಜಯದ ದೃಶ್ಯಸಾಕ್ಷ್ಯವೇ ಕಳೆದುಹೋಗುತ್ತಿತ್ತು. ಗೋಡೆಚಿತ್ರಕ್ಕೆ ಮಳೆಯಷ್ಟೇ ಅಪಾಯ ಮನುಷ್ಯನ ಬ್ರಷ್ಷಿನಿಂದಲೂ ಇದೆ.

ದಂಡಿನೊಂದಿಗೆ ಬಂದ ಬಣ್ಣಗಳು

ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನ್ಯಕ್ಕೆ ಅಲ್ಲಿನ ಜ್ವರದ ಬಾಧೆ ಸಹಿಸಲಾಗಲಿಲ್ಲ. ಆ ಸೈನ್ಯವನ್ನು ಎತ್ತರದ, ತಂಪಾದ ಬೆಂಗಳೂರಿಗೆ ಸ್ಥಳಾಂತರಿಸಲಾಯಿತು. 1809ರಲ್ಲಿ ಹಲಸೂರಿನ ಸುತ್ತ ಸ್ಥಾಪನೆಯಾದ ದಂಡುಪ್ರದೇಶದ ಮೂಲ ಇದೇ. ಸೈನ್ಯದ ಹಿಂದೆ ವ್ಯಾಪಾರಿಗಳು, ದರ್ಜಿಗಳು, ಬಡಗಿಗಳು, ಬಣ್ಣ ಬಳಿಯುವವರು ಬಂದು ನೆಲೆಸಿದರು. ತಮಿಳು, ಉರ್ದು, ಕನ್ನಡ, ತೆಲುಗು, ಇಂಗ್ಲಿಷ್ ಮಾತುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಶಿವಾಜಿನಗರ ಬೆಳೆದದ್ದು ಹೀಗೆ.

ದಂಡುಪ್ರದೇಶದ ಬಂಗಲೆ, ಬ್ಯಾರಕ್ಕು, ಮಸೀದಿ, ಚರ್ಚು, ದೇವಾಲಯಗಳ ಹಳೆಯ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಅವುಗಳಿಗೆ ಸುಣ್ಣವೇ ಬಣ್ಣ. ನೀಲಿ, ಕಾವಿ, ಹಳದಿ ಪುಡಿಗಳನ್ನು ಸುಣ್ಣದಲ್ಲಿ ಕಲಸಿ ಬಳಿಯುತ್ತಿದ್ದರು. ಎಣ್ಣೆಬಣ್ಣ ಆಗಲೂ ಇತ್ತು, ಆದರೆ ಅದರ ಸ್ಥಾನವೇ ಬೇರೆ. ಕಿಟಕಿ, ಬಾಗಿಲು, ಕಬ್ಬಿಣದ ಕಂಬಿ, ಸಾರೋಟು ಮತ್ತು ಅಂಗಡಿಯ ನಾಮಫಲಕಗಳಿಗೆ ಎಣ್ಣೆಬಣ್ಣ, ಗೋಡೆಗೆ ಸುಣ್ಣ ಎಂಬ ವಿಂಗಡಣೆಯಿತ್ತು. ಈ ಹಳೆಯ ವಿಂಗಡಣೆಯ ಹಿಂದೆ ದೊಡ್ಡ ವಿವೇಕವಿದೆ. ಅದೇನೆಂದು ತಿಳಿಯಲು ಎಣ್ಣೆಬಣ್ಣದ ರಸಾಯನಶಾಸ್ತ್ರವನ್ನು ನೋಡಬೇಕು.

ಎಣ್ಣೆ ಮತ್ತು ಗೋಡೆಯ ಜಗಳ

ಸಾಂಪ್ರದಾಯಿಕ ಎಣ್ಣೆಬಣ್ಣದ ಆಧಾರ ಅಗಸೆ ಎಣ್ಣೆ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿ ಪೊರೆಯಾಗುತ್ತದೆ. ಇಂದಿನ ಎನಾಮಲ್‌ಗಳಲ್ಲಿ ಅಗಸೆಯಂತಹ ಎಣ್ಣೆಗಳಿಂದ ತಯಾರಾದ ಆಲ್ಕಿಡ್ ಎಂಬ ರಾಳವಿರುತ್ತದೆ. ಅದು ಒಣಗುವ ರೀತಿಯೂ ಬಹುಮಟ್ಟಿಗೆ ಇದೇ.

ಈಗ ವಿಜ್ಞಾನದ ವಿದ್ಯಾರ್ಥಿಗಳು ಒಂದು ಪಾಠವನ್ನು ನೆನಪಿಸಿಕೊಳ್ಳಬೇಕು. ಎಣ್ಣೆಗೆ ಕ್ಷಾರವನ್ನು ಸೇರಿಸಿದರೆ ಏನಾಗುತ್ತದೆ? ಸಾಬೂನು ಆಗುತ್ತದೆ. ಸುಣ್ಣ ಮತ್ತು ಸಿಮೆಂಟು ಎರಡೂ ಕ್ಷಾರಗುಣದವು. ಹೊಸ ಸಿಮೆಂಟ್ ಗೋಡೆಯ ಪಿಎಚ್ ಮೌಲ್ಯ 12ಕ್ಕಿಂತ ಹೆಚ್ಚಿರುತ್ತದೆ. ಅಂತಹ ಗೋಡೆಯಲ್ಲಿ ತೇವವೂ ಇದ್ದು, ಅದರ ಮೇಲೆ ಎಣ್ಣೆಬಣ್ಣ ಬಿದ್ದರೆ, ಬಣ್ಣದ ಅಡಿಭಾಗ ನಿಧಾನವಾಗಿ ಸಾಬೂನಾಗಿ ಮೆತ್ತಗಾಗುತ್ತದೆ, ಅಂಟಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಮೇಲಾಗಿ ಎನಾಮಲ್ಲಿನ ಪೊರೆ ಆವಿಯನ್ನು ಸುಲಭವಾಗಿ ಹೊರಬಿಡುವುದಿಲ್ಲ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಪೊರೆಯನ್ನೇ ಎತ್ತಿ ಗುಳ್ಳೆ ಮಾಡುತ್ತದೆ. ಚಿತ್ರ ಉದುರುವುದರ ಗುಟ್ಟು ಇದು.

ಇದು ನಮಗೆ ಮಾತ್ರ ಬಂದ ಸಂಕಟವಲ್ಲ. ಇಟಲಿಯ ಮಿಲಾನ್ ನಗರದಲ್ಲಿ ಲಿಯೊನಾರ್ಡೊ ಡ ವಿಂಚಿ 1495ರಿಂದ 1498ರವರೆಗೆ ಬರೆದ ಕೊನೆಯ ಭೋಜನದ ಚಿತ್ರ ಜಗತ್ಪ್ರಸಿದ್ಧ. ಹಸಿ ಗಾರೆಯ ಮೇಲೆ ಬೇಗ ಬೇಗ ಬರೆಯುವ ಪದ್ಧತಿ ಆ ಮಹಾಕಲಾವಿದನಿಗೆ ಒಗ್ಗಲಿಲ್ಲ. ಸಾವಕಾಶವಾಗಿ ತಿದ್ದಿ ಬರೆಯಲು ಅನುಕೂಲವಾಗಲೆಂದು ಒಣ ಗೋಡೆಯ ಮೇಲೆ ಮೊಟ್ಟೆ ಮತ್ತು ಎಣ್ಣೆ ಬೆರೆತ ಬಣ್ಣಗಳನ್ನು ಬಳಸಿದ. ಗೋಡೆಯ ತೇವಕ್ಕೆ ಸಿಕ್ಕ ಆ ಚಿತ್ರ ಅವನ ಜೀವಿತಕಾಲದಲ್ಲಿಯೇ ಉದುರತೊಡಗಿತು. 1978ರಿಂದ 1999ರವರೆಗೆ, ಸುಮಾರು 20 ವರ್ಷಗಳ ಕಾಲ, ಅದರ ಕೊನೆಯ ದೊಡ್ಡ ಜೀರ್ಣೋದ್ಧಾರ ನಡೆಯಿತು. ಕಲಾವಿದ ಎಷ್ಟೇ ದೊಡ್ಡವನಿರಲಿ, ಗೋಡೆ ಅವನ ಮಾತು ಕೇಳುವುದಿಲ್ಲ.

ಹಾಗಾದರೆ ಎಣ್ಣೆಬಣ್ಣದಲ್ಲಿ ಗೋಡೆಚಿತ್ರ ಸಾಧ್ಯವೇ ಇಲ್ಲವೇ? ಸಾಧ್ಯ. ಅದಕ್ಕೆ ಮೈಸೂರು ಅರಮನೆ ದಾರಿ ತೋರಿಸಿದೆ. ಅಲ್ಲಿನ ಕಲ್ಯಾಣ ಮಂಟಪದಲ್ಲಿ ದಸರಾ ಮೆರವಣಿಗೆಯ 26 ಚಿತ್ರಫಲಕಗಳಿವೆ. ಆಸ್ಥಾನದ ಕಲಾವಿದರು ಛಾಯಾಚಿತ್ರಗಳ ಆಧಾರದಿಂದ ರಚಿಸಿದ ಈ ಎಣ್ಣೆಬಣ್ಣದ ಚಿತ್ರಗಳು ಇರುವುದು ಕ್ಯಾನ್ವಾಸ್ ಬಟ್ಟೆಯ ಮೇಲೆ. ಬಟ್ಟೆಯನ್ನು ಗೋಡೆಗೆ ಅಳವಡಿಸಲಾಗಿದೆ. ಎಣ್ಣೆ ಮತ್ತು ಗಾರೆ ನೇರವಾಗಿ ಸಂಧಿಸದಂತೆ ನಡುವೆ ಒಂದು ಬಟ್ಟೆಯನ್ನು ಇಟ್ಟದ್ದೇ ಅವುಗಳ ಬಾಳಿಕೆಗೆ ಒಂದು ಕಾರಣ ಎನ್ನಬಹುದು.

ನಾಮಫಲಕದವರ ಕೈ

20ನೆಯ ಶತಮಾನದ ಮಧ್ಯದಿಂದ ಬೆಂಗಳೂರಿನ ಪೂರ್ವಭಾಗದಲ್ಲಿ ಗೋಡೆಯೇ ಬದಲಾಯಿತು. 1940ರಲ್ಲಿ ಎಚ್.ಎ.ಎಲ್. ಬಂತು, 1948ರಲ್ಲಿ ಕೆ.ಆರ್. ಪುರದ ಬಳಿ ಐ.ಟಿ.ಐ. ಕಾರ್ಖಾನೆ ಬಂತು, 1970ರ ದಶಕದಲ್ಲಿ ಇಂದಿರಾನಗರ ಬಡಾವಣೆ ಬೆಳೆಯಿತು. ಈ ಹೊಸ ಕಟ್ಟಡಗಳೆಲ್ಲ ಸಿಮೆಂಟಿನವು. ಸುಣ್ಣದ ಜಾಗಕ್ಕೆ ಡಿಸ್ಟೆಂಪರ್ ಬಂತು. 1942ರಲ್ಲಿ ಮುಂಬಯಿಯಲ್ಲಿ ಆರಂಭವಾದ ಏಷ್ಯನ್ ಪೇಂಟ್ಸ್ ಮೊದಲಾದ ಕಂಪನಿಗಳ ಸಣ್ಣ ಡಬ್ಬಿಗಳು ಬೀದಿಬೀದಿಯ ಅಂಗಡಿಗೆ ತಲುಪಿದವು. ಆ ಕಂಪನಿಯ ಗುರುತಾಗಿದ್ದ ಗಟ್ಟು ಎಂಬ ತುಂಟ ಹುಡುಗನ ಚಿತ್ರವನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್.

ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್ ಸುತ್ತಿನ ನಾಮಫಲಕದ ಕಲಾವಿದರ ಸಾಧನ ಎನಾಮಲ್. ಒಂದೇ ಫಲಕದ ಮೇಲೆ ಎರಡು ಮೂರು ಲಿಪಿಗಳನ್ನು ಅಂದವಾಗಿ ಬರೆಯಬಲ್ಲ ಕೈ ಅವರದು. ತಗಡಿನ ಮೇಲೆ, ಮರದ ಮೇಲೆ, ಆಟೋರಿಕ್ಷಾ ಮತ್ತು ಲಾರಿಗಳ ಮೈಮೇಲೆ ಎನಾಮಲ್ಲಿಗೆ ಸಮಾನವಾದದ್ದು ಇಲ್ಲ. ಬ್ರಷ್ಷಿನ ಗೆರೆ ಸರಾಗವಾಗಿ ಹರಿಯುತ್ತದೆ, ಹೊಳಪು ನಿಲ್ಲುತ್ತದೆ. ಫ್ಲೆಕ್ಸ್ ಮುದ್ರಣ ಬಂದು ಈ ಕಸುಬಿಗೆ ಹೊಡೆತ ಬಿದ್ದಾಗ ಅನೇಕರು ಗೋಡೆಚಿತ್ರದ ಕಡೆ ತಿರುಗಿದರು. 2009ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಗರದ ರಸ್ತೆಬದಿಯ ಗೋಡೆಗಳ ಮೇಲೆ ಕರ್ನಾಟಕದ ಸ್ಮಾರಕ, ನಿಸರ್ಗ, ಜನಜೀವನದ ಚಿತ್ರಗಳನ್ನು ಬರೆಸಿದಾಗ ಇಂತಹ ಕಲಾವಿದರಿಗೆ ಕೆಲಸ ದೊರೆಯಿತು. ಕುಶಲಿಗಳ ಕೈಗೆ ಮತ್ತೆ ಬ್ರಷ್ ಬಂದದ್ದು ಸಂತೋಷದ ಸಂಗತಿ. ಆದರೆ ತಗಡಿಗೆ ಒಗ್ಗಿದ ಬಣ್ಣವನ್ನೇ ಅಭ್ಯಾಸಬಲದಿಂದ ಸಿಮೆಂಟ್ ಗೋಡೆಗೂ ಹಚ್ಚಿದರೆ ಏನಾಗುತ್ತದೆಂಬುದನ್ನು ಈಗಾಗಲೇ ನೋಡಿದ್ದೇವೆ.

ನೀರು ಆಧಾರಿತ ಬಣ್ಣದ ಆಗಮನ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಕೃತಕ ರಬ್ಬರಿನ ಉತ್ಪಾದನೆ ಅಗಾಧವಾಗಿ ಬೆಳೆಯಿತು. ಆ ಜ್ಞಾನದ ಫಲವಾಗಿ 1948ರಲ್ಲಿ ಗ್ಲಿಡನ್ ಕಂಪನಿ ಮನೆಯ ಒಳಗೋಡೆಗೆಂದು ಲೇಟೆಕ್ಸ್ ಬಣ್ಣವನ್ನು ಮಾರುಕಟ್ಟೆಗೆ ತಂದಿತು. 1953ರಲ್ಲಿ ರೋಮ್ ಅಂಡ್ ಹಾಸ್ ಕಂಪನಿ ಅಕ್ರಿಲಿಕ್ ರಾಳದ ಎಮಲ್ಷನ್ ಹೊರತಂದಿತು. ಇಂದು ನಾವು ಕೊಳ್ಳುವ ಅಕ್ರಿಲಿಕ್ ಎಮಲ್ಷನ್‌ಗಳು ಇದೇ ಪರಂಪರೆಯವು.

ಇದರಲ್ಲಿ ರಾಳದ ಅತಿಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಒತ್ತಿ ಬೆಸೆದು ಪೊರೆಯಾಗುತ್ತವೆ. ಒಮ್ಮೆ ಬೆಸೆದ ಮೇಲೆ ನೀರಿಗೆ ಕರಗುವುದಿಲ್ಲ. ಅಕ್ರಿಲಿಕ್ ರಾಳವು ಸುಣ್ಣ, ಸಿಮೆಂಟುಗಳ ಕ್ಷಾರಕ್ಕೆ ಎಣ್ಣೆಯಂತೆ ಸಾಬೂನಾಗುವುದಿಲ್ಲ. ಪೊರೆಯ ಮೂಲಕ ಆವಿ ಸ್ವಲ್ಪ ಮಟ್ಟಿಗೆ ಹೊರಹೋಗಬಲ್ಲದು. ಬೆಳಕು ಕಡಿಮೆಯಿರುವ ಕೋಣೆಯಲ್ಲಿ ಎಣ್ಣೆಬಣ್ಣದ ಬಿಳುಪು ಹಳದಿಗೆ ತಿರುಗಿದರೆ, ಅಕ್ರಿಲಿಕ್ಕಿನ ಬಿಳುಪು ಬಹುಕಾಲ ಹಾಗೆಯೇ ಇರುತ್ತದೆ. ಒಂದು ಕೋಟಿನ ಮೇಲೆ ಇನ್ನೊಂದನ್ನು ಸುಮಾರು ನಾಲ್ಕು ಗಂಟೆಯಲ್ಲಿ ಹಚ್ಚಬಹುದು, ಎನಾಮಲ್ಲಿಗಾದರೆ ರಾತ್ರಿಯಿಡೀ ಕಾಯಬೇಕು.

ಇದಕ್ಕೆ ಮಿತಿಗಳೂ ಇವೆ. ಬೇಗ ಒಣಗುವುದರಿಂದ ಎರಡು ಬಣ್ಣಗಳನ್ನು ಗೋಡೆಯ ಮೇಲೆಯೇ ಮೃದುವಾಗಿ ಬೆರೆಸುವುದು ಕಷ್ಟ. ಎನಾಮಲ್ಲಿನ ಕನ್ನಡಿಯಂತಹ ಹೊಳಪು ಇದಕ್ಕಿಲ್ಲ. ತುಕ್ಕು ಹಿಡಿಯುವ ಕಬ್ಬಿಣಕ್ಕೆ ಸಾಮಾನ್ಯ ಗೋಡೆಯ ಎಮಲ್ಷನ್ ತಕ್ಕದ್ದಲ್ಲ.

ಮಕ್ಕಳ ಉಸಿರಿನ ಪ್ರಶ್ನೆ

ಬಾಳಿಕೆಯ ವಿಷಯ ಇಷ್ಟಾಯಿತು. ಇದಕ್ಕಿಂತ ದೊಡ್ಡ ವಿಷಯ ಆರೋಗ್ಯದ್ದು. ಬಣ್ಣಕ್ಕೆ ಹೊಳಪು ಬರಲೆಂದೂ ಬೇಗ ಒಣಗಲೆಂದೂ ಎಣ್ಣೆಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ದೀರ್ಘಕಾಲ ಬಳಸಲಾಗಿದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಅದು ಕಲಿಯುವ ಶಕ್ತಿಯನ್ನೂ ಏಕಾಗ್ರತೆಯನ್ನೂ ಕುಂದಿಸುತ್ತದೆ. ವಿದ್ಯಾಸಂಸ್ಥೆಗಳಿಗೆ ಇದಕ್ಕಿಂತ ಆತಂಕದ ಸಂಗತಿ ಬೇರೇನಿದೆ?

ಈ ವಿಷಯದಲ್ಲಿ ನಮ್ಮ ನಗರವೇ ದೇಶವನ್ನು ಎಚ್ಚರಿಸಿತು. ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನ 1990ರ ದಶಕದ ಕೊನೆಯಲ್ಲಿ ದೇಶದ ಪ್ರಮುಖ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಪರೀಕ್ಷೆಗೆ ಒಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸದ ಪ್ರಮಾಣ ಅಂದು ಅಪಾಯದ ಗಡಿಯೆಂದು ಎಣಿಸಿದ್ದ 10 ಮೈಕ್ರೋಗ್ರಾಂ ಮೀರಿತ್ತು. ಆಗ ಸೀಸಯುಕ್ತ ಪೆಟ್ರೋಲ್ ದೊಡ್ಡ ಕಾರಣವಾಗಿತ್ತು. 2000ದಲ್ಲಿ ಅದರ ಮಾರಾಟ ದೇಶದಲ್ಲಿ ನಿಂತಿತು. ಆದರೆ ಬಣ್ಣದಲ್ಲಿನ ಸೀಸ ಉಳಿಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಕುರಿತು ಜನಜಾಗೃತಿ ಮೂಡಿಸಲು ವರ್ಷಗಟ್ಟಲೆ ಶ್ರಮಿಸಿದರು. 2007ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಅಂಗಡಿಗಳ ಬಣ್ಣಗಳನ್ನು ಪರೀಕ್ಷಿಸಿದಾಗ, ಬಹುತೇಕ ಎನಾಮಲ್‌ಗಳಲ್ಲಿ ಸೀಸ ಹೆಚ್ಚಾಗಿದ್ದು, ನೀರು ಆಧಾರಿತ ಬಣ್ಣಗಳಲ್ಲಿ ಅತ್ಯಲ್ಪವಾಗಿತ್ತು.

ಕೊನೆಗೆ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ರೂಪಿಸಿ, ಮನೆ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ವಿಧಿಸಿತು. 2017ರ ನವೆಂಬರ್‌ನಿಂದ ಇದು ಜಾರಿಗೆ ಬಂದಿದೆ. ಇಂದು ಡಬ್ಬಿಯ ಮೇಲೆ ಈ ವಿವರವನ್ನು ಓದಿಯೇ ಕೊಳ್ಳಬಹುದು. ಆದರೆ ಅದಕ್ಕೂ ಹಿಂದೆ ಬಳಿದ ಎನಾಮಲ್ ನಮ್ಮ ಹಳೆಯ ಕಟ್ಟಡಗಳ ಬಾಗಿಲು, ಕಿಟಕಿ, ಗೋಡೆಯ ಕೆಳಪಟ್ಟಿಗಳ ಮೇಲೆ ಇನ್ನೂ ಇರಬಹುದು. ಅದನ್ನು ಒಣದಾಗಿ ಉಜ್ಜಿದರೆ ಏಳುವ ದೂಳೇ ವಿಷ. ಇದಲ್ಲದೆ ಎನಾಮಲ್ ಮತ್ತು ಥಿನ್ನರಿನಿಂದ ಹೊರಡುವ ಆವಿ ತಲೆನೋವು, ಕಣ್ಣುರಿ ತರುತ್ತದೆ. ಆಸ್ತಮಾ ಇರುವ ಮಕ್ಕಳಿಗೆ ಇನ್ನೂ ಕಷ್ಟ.

ಹಾಗಾದರೆ ಏನು ಮಾಡಬೇಕು?

ಇಷ್ಟೆಲ್ಲ ಚರಿತ್ರೆಯಿಂದ ಹೊರಡುವ ತೀರ್ಮಾನ ಸರಳವಾಗಿದೆ. ಸಿಮೆಂಟ್ ಪ್ಲಾಸ್ಟರಿನ ಒಳಗೋಡೆಯ ಚಿತ್ರಕ್ಕೆ ಉತ್ತಮ ದರ್ಜೆಯ ಅಕ್ರಿಲಿಕ್ ಎಮಲ್ಷನ್ ಬಳಸಿ. ಮರ ಮತ್ತು ಕಬ್ಬಿಣಕ್ಕೆ ಮಾತ್ರ ಎನಾಮಲ್ ಇರಲಿ. ಎಣ್ಣೆಬಣ್ಣದಲ್ಲಿಯೇ ಚಿತ್ರ ಬೇಕೆಂದು ಕಲಾವಿದರು ಬಯಸಿದರೆ, ಮೈಸೂರು ಅರಮನೆಯಂತೆ ಕ್ಯಾನ್ವಾಸ್ ಅಥವಾ ಹಲಗೆಯ ಮೇಲೆ ಬರೆಸಿ ಗೋಡೆಗೆ ಅಳವಡಿಸಿ. ದಂಡುಪ್ರದೇಶದ ಹಳೆಯ ಸುಣ್ಣದ ಗಾರೆಯ ಕಟ್ಟಡವಾದರೆ ಎರಡನ್ನೂ ಬಿಡಿ. ಅದಕ್ಕೆ ಸುಣ್ಣವೇ ಸರಿ, ಚಿತ್ರವನ್ನು ಫಲಕದ ಮೇಲೆ ಬರೆಸಿ ತೂಗುಹಾಕಿ.

ಕೆಲಸಕ್ಕೆ ಮೊದಲು ಕೆಲವು ಪರೀಕ್ಷೆಗಳನ್ನು ವಿದ್ಯಾರ್ಥಿಗಳೇ ಮಾಡಬಹುದು. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಗೆ ನೀರಹನಿ ಕಂಡರೆ ಗೋಡೆಯಲ್ಲಿ ತೇವವಿದೆ. ಆ ತೇವದ ಮೂಲವನ್ನು ಸರಿಪಡಿಸುವವರೆಗೆ ಯಾವ ಬಣ್ಣವೂ ಬೇಡ. ಹಳೆಯ ಬಣ್ಣ ಯಾವುದೆಂದು ತಿಳಿಯಲು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಶಿಕ್ಷಕರ ಸಮ್ಮುಖದಲ್ಲಿ ಉಜ್ಜಿ ನೋಡಿ. ಬಣ್ಣ ಬಟ್ಟೆಗೆ ಹತ್ತಿದರೆ ಅದು ನೀರು ಆಧಾರಿತ, ಹತ್ತದಿದ್ದರೆ ಎಣ್ಣೆಯದು. ಹಳೆಯ ಎನಾಮಲ್ಲಿನ ಮೇಲೆ ಎಮಲ್ಷನ್ ನೇರವಾಗಿ ಹಿಡಿಯುವುದಿಲ್ಲ. ಹೊಳಪು ಹೋಗುವಂತೆ ಒದ್ದೆ ಎಮರಿ ಕಾಗದದಿಂದ ಉಜ್ಜಿ, ತಕ್ಕ ಪ್ರೈಮರ್ ಹಚ್ಚಬೇಕು. ಈ ಉಜ್ಜುವ ಕೆಲಸವನ್ನು ಮಕ್ಕಳಿಂದ ಮಾಡಿಸಕೂಡದು, ರಜಾದಿನಗಳಲ್ಲಿ ಹಿರಿಯರು ಮುಖಕ್ಕೆ ಮಾಸ್ಕ್ ಧರಿಸಿ ಮಾಡಬೇಕು. ಹೊಸ ಪ್ಲಾಸ್ಟರಾದರೆ ಕನಿಷ್ಠ 28 ದಿನ ಒಣಗಲು ಬಿಡಿ. ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲವನ್ನು ಬಿಟ್ಟು, ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಕೆಲಸ ಮುಗಿಸುವುದು ಒಳ್ಳೆಯದು.

ನಲಿ-ಕಲಿ ಕೊಠಡಿಗಳಂತೆ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಗೋಡೆಯನ್ನು ಬಳಸುವುದಾದರೆ, ತೊಳೆಯಬಹುದಾದ ಎಮಲ್ಷನ್ನನ್ನೇ ಆರಿಸಿ. ಕೊಳೆ ತಡೆಯಲೆಂದು ನಾಲ್ಕು ಅಡಿ ಎತ್ತರಕ್ಕೆ ಎನಾಮಲ್ ಬಳಿಯುವ ಹಳೆಯ ರೂಢಿ ಇನ್ನು ಅಗತ್ಯವಿಲ್ಲ.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಶಾಲೆಯಲ್ಲಿ, ಮದರಸಾದಲ್ಲಿ, ಗ್ರಂಥಾಲಯದಲ್ಲಿ ಹಳೆಯ ಚಿತ್ರವಾಗಲಿ ಬರಹವಾಗಲಿ ಇದ್ದರೆ, ಅದರ ಮೇಲೆ ಬಣ್ಣ ಬಳಿಯುವ ಮೊದಲು ಛಾಯಾಚಿತ್ರ ತೆಗೆದು, ಬರೆದವರ ಹೆಸರು, ವರ್ಷ, ಬಳಸಿದ ಬಣ್ಣದ ವಿವರವನ್ನು ಶಾಲೆಯ ದಾಖಲೆ ಪುಸ್ತಕದಲ್ಲಿ ಬರೆದಿಡಿ. ದರಿಯಾ ದೌಲತ್‌ನ ಚಿತ್ರಗಳು ನೆನಪಿಟ್ಟುಕೊಂಡವನೊಬ್ಬನಿದ್ದುದರಿಂದ ಉಳಿದವು. ಇಂದು ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮರಾ ಇರುವಾಗ, ನಮ್ಮ ಗೋಡೆಗಳ ಚರಿತ್ರೆಯನ್ನು ಒಬ್ಬರ ನೆನಪಿನ ಮೇಲೆ ಮಾತ್ರ ಬಿಡಬೇಕಾದ ಕಾರಣವಿಲ್ಲ.